ಗಾಳಿ ನಿಂತ ಮೇಲಿನ ಸೊನ್ನೆ

ಆಗಸ್ಟ್ 4, ಸೋಮವಾರ

ಇಂದಿನಿಂದ ನಾನು ವಿಭಾಗದ ಮುಖ್ಯಸ್ಥೆ. ಏರೋಸ್ಪೇಸ್ ವಿಭಾಗದಲ್ಲಿ ಈ ಕೆಲಸ ಯಾರಿಗೂ ಬೇಕಿರಲಿಲ್ಲ, ಸುತ್ತಿ ಸುತ್ತಿ ನನ್ನ ತಲೆಗೆ ಬಂತು. ಹಿಂದಿನವರು ಬೀಗದ ಕೈ ಕೊಡುವಾಗ "ಕುರ್ಚಿ ಒಂದು ಕಡೆಗೆ ವಾಲುತ್ತೆ, ಹುಷಾರು" ಎಂದರು. ಏನೋ ಉಪದೇಶ ಎಂದುಕೊಂಡೆ. ನಿಜಕ್ಕೂ ವಾಲುತ್ತದೆ.

ಒಂದು ನಿಯಮ ಮಾಡಿಕೊಂಡಿದ್ದೇನೆ. ಬೆಳಗ್ಗೆ ಹನ್ನೊಂದರವರೆಗೆ ಬಾಗಿಲು ಮುಚ್ಚಿರುತ್ತದೆ. ಆ ಹೊತ್ತು ನನ್ನ ಪ್ರಬಂಧಕ್ಕೆ. ಎಂಜಿನ್ನಿನ ಸದ್ದಿಗೆ ತೆಳುವಾದ ಲೋಹದ ಹಾಳೆ ಹೇಗೆ ನಡುಗುತ್ತದೆ ಎಂಬುದು ವಿಷಯ. ಬಹಳ ದಿನದಿಂದ ಅರ್ಧಕ್ಕೆ ನಿಂತಿದೆ. ಮುಖ್ಯಸ್ಥರಾದವರು ಒಬ್ಬೊಬ್ಬರೇ ಸಂಶೋಧನೆ ಮರೆತದ್ದನ್ನು ನೋಡಿದ್ದೇನೆ. ನಾನು ಹಾಗಾಗಬಾರದು.

ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದಾಗ ಗುಡುಗು ಬಂದರು. ದನಿಯಿಂದ ಬಂದ ಹೆಸರು. ವಿದ್ಯಾರ್ಥಿಗಳು ಇಟ್ಟದ್ದು, ಬೆನ್ನ ಹಿಂದೆ ನಾವೂ ಹಾಗೇ ಕರೆಯುತ್ತೇವೆ. ನನಗಿಂತ ಹಿರಿಯ ಪ್ರೊಫೆಸರ್, ವಿಂಡ್ ಟನಲ್ ಅವರ ಕೈಯಲ್ಲಿದೆ.

"ಏನಮ್ಮಾ ಇದು, ಡಾಕ್ಟರ ಹಾಗೆ ಟೈಮ್ ಬರೆದು ಹಾಕಿದ್ದೀಯ?"

"ಹನ್ನೊಂದರ ಮೇಲೆ ಬನ್ನಿ ಸರ್."

"ಜ್ವರ ಹತ್ತಕ್ಕೇ ಬಂದ್ರೆ?"

ಹೊಸ ವಿದ್ಯಾರ್ಥಿಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. "ಅಕ್ಕ ಇದ್ದಾಳಲ್ಲ" ಎಂದರು. ಅಕ್ಕ ಎಂದರೆ ಅವರ ಸಂಶೋಧನಾ ವಿದ್ಯಾರ್ಥಿನಿ, ಹೊಸಬರಿಗೆಲ್ಲ ಮೆಂಟರ್. ಸರಿ, ಅಕ್ಕನಿಗೇ ಹೇಳಿ ಕಳಿಸಿದೆ. ಒಂದು ಕೆಲಸ ತಲೆಯಿಂದ ಇಳಿಯಿತು.

ದಿನವಿಡೀ ಇಂಗ್ಲಿಷಿನಲ್ಲಿ ಬರೆಯುವ ಕೈಗೆ ಈ ಅಕ್ಷರಗಳು ನಿಧಾನ. ಇವನ್ನು ಶಾಲೆ ಕಲಿಸಲಿಲ್ಲ, ಅಮ್ಮ ಕಲಿಸಿದಳು. ನಿಧಾನವೇ ಇರಲಿ. ಸುಳ್ಳು ಬರೆಯುವಷ್ಟು ವೇಗ ಇಲ್ಲ.

ಆಗಸ್ಟ್ 8, ಶುಕ್ರವಾರ

ಹೊಸಬರಿಗೆ ನಾಲ್ಕು ಮಾತು ಹೇಳಿ ಹೊರಡೋಣವೆಂದು ಹೋದವಳು ಹಿಂದೆ ನಿಂತು ಪೂರ್ತಿ ಕೇಳಿದೆ.

ಅಕ್ಕನಿಗೆ ಮೂವತ್ತು ದಾಟಿರಬಹುದು. ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೂದಲು ಬಿಗಿದಿದ್ದಳು, ಜೇಬಿನಲ್ಲಿ ಸ್ಕ್ರೂಡ್ರೈವರ್.

"ಇದು ವಿಂಡ್ ಟನಲ್. ಇಲ್ಲಿ ವಿಮಾನ ಹಾರಲ್ಲ. ಅದು ಸುಮ್ಮನೆ ನಿಂತಿರುತ್ತೆ, ಗಾಳಿನೇ ಹಾರುತ್ತೆ. ಸೋಮಾರಿಗಳಿಗೆ ಹೇಳಿ ಮಾಡಿಸಿದ ಜಾಗ."

ನಗು. ಆಮೇಲೆ ವಿಮಾನದ ಮಾಡೆಲ್‌ನ ಹೊಟ್ಟೆ ಬಿಚ್ಚಿ ತೋರಿಸಿದಳು.

"ಈ ಲೋಹದ ತುಂಡಿಗೆ ಬ್ಯಾಲೆನ್ಸ್ ಅಂತೀವಿ. ಗಾಳಿ ತಳ್ಳಿದ್ರೆ ಇದು ಕೂದಲೆಳೆಯಷ್ಟು ಬಾಗುತ್ತೆ. ಎಷ್ಟು ಬಾಗ್ತು ಅಂತ ನೋಡಿ, ಗಾಳಿ ಎಷ್ಟು ತಳ್ತು ಅಂತ ಹೇಳ್ತೀವಿ. ಗಾಳಿ ಬಿಡೋ ಮುಂಚೆ ಇದರ ಸೊನ್ನೆ ನೋಡಿ, ಅಂದ್ರೆ ಯಾರೂ ತಳ್ಳದೇ ಇರುವಾಗ ಇದು ತೋರಿಸೋ ಅಂಕಿ. ಗಾಳಿ ನಿಂತ ಮೇಲೆ ಇನ್ನೊಂದು ಸಲ ಸೊನ್ನೆ ನೋಡಿ. ಹಸಿವಾಯ್ತು ಅಂತ ಎರಡನೇದನ್ನ ಬಿಟ್ಟು ಓಡಿದ್ರೆ ಇಡೀ ದಿನದ ಕೆಲಸ ಕಸದ ಬುಟ್ಟಿಗೆ."

ಇಂಥವಳನ್ನು ಕಲಿಸಲು ಬಿಟ್ಟುಬಿಡಬೇಕು ಅನ್ನಿಸಿತು. ಸಂಜೆಯ ಹೊತ್ತಿಗೆ ಹೊಸಬರೆಲ್ಲರ ಬಾಯಲ್ಲೂ ಅಕ್ಕ, ಅಕ್ಕ.

ಆಗಸ್ಟ್ 20, ಬುಧವಾರ

ಸಂಶೋಧನಾ ವಿದ್ಯಾರ್ಥಿಗಳ ಪ್ರಗತಿಯ ಕಡತಗಳನ್ನು ನೋಡುತ್ತಿದ್ದೆ. ಅಕ್ಕನದು ಆರನೆಯ ವರ್ಷ, ವಿಷಯ ಹೊಸ ಆಕಾರದ ಒಂದು ರೆಕ್ಕೆ. ನವೆಂಬರಿನ ಸಮಿತಿಯ ಮುಂದೆ ನಂಬುವಂಥ ಫಲಿತಾಂಶ ತೋರಿಸದಿದ್ದರೆ ನೋಂದಣಿ ರದ್ದು. ನಿಯಮದಲ್ಲಿ ಇನ್ನು ವಿನಾಯಿತಿ ಇಲ್ಲ, ಮೊದಲೇ ಎರಡು ಬಾರಿ ಕೊಟ್ಟು ಮುಗಿದಿದೆ. ರದ್ದು ಮಾಡುವ ಕಾಗದಕ್ಕೆ ಸಹಿ ಹಾಕಬೇಕಾದವಳು ನಾನು.

ಗುಡುಗನ್ನು ಕೇಳಿದೆ. "ಅವಳು ಮಾಡ್ಕೋತಾಳೆ ಬಿಡಮ್ಮ. ನನ್ನ ಲ್ಯಾಬ್ ನಡೀತಿರೋದೇ ಅವಳಿಂದ."

ಅದೇ ನನಗೆ ಹೆದರಿಕೆಯಾಗಿದ್ದು.

ಅಕ್ಕನನ್ನು ಕರೆಸಿದೆ. ಕುರ್ಚಿಯ ತುದಿಯಲ್ಲಿ ಕೂತಳು. ವಾಲುತ್ತಿದ್ದ ನನ್ನ ಕುರ್ಚಿಯನ್ನೇ ನೋಡುತ್ತಿದ್ದಳು.

"ಡೇಟಾ ಚೆಲ್ಲಾಪಿಲ್ಲಿ ಬರ್ತಿದೆ ಮೇಡಂ. ಒಂದೇ ಕೋನಕ್ಕೆ ಇವತ್ತೊಂದು ಅಂಕಿ, ನಾಳೆ ಇನ್ನೊಂದು. ನನ್ನ ರೆಕ್ಕೆಯ ಆಕಾರದಲ್ಲೇ ಏನೋ ಇದೆ ಅನ್ಸುತ್ತೆ. ಇಲ್ಲಾ, ನನ್ನಲ್ಲೇ ಏನೋ ಇಲ್ಲ."

"ಸರ್‌ಗೆ ತೋರಿಸಿದ್ರಾ?"

"ಅವರಿಗೆ ಪುರುಸೊತ್ತು ಎಲ್ಲಿರುತ್ತೆ ಪಾಪ."

ಹೋಗುವ ಮುಂಚೆ ಬಗ್ಗಿ ಕುರ್ಚಿಯ ಕಾಲಿನ ಒಂದು ಬೋಲ್ಟು ಬಿಗಿ ಮಾಡಿದಳು. ಈಗ ವಾಲುವುದಿಲ್ಲ.

ಸೆಪ್ಟೆಂಬರ್ 3, ಬುಧವಾರ

ಪ್ರಬಂಧ: ಒಂದು ಪ್ಯಾರಾ. ಬಾಗಿಲು ಮುಚ್ಚಿದ್ದರೂ ಆಚೆ ಯಾರದೋ ನೆರಳು ಬಂದು ನಿಂತು ಹೋಗುತ್ತದೆ. ಅವರ ಕೆಲಸವೇನಿತ್ತೋ ಎಂದು ಯೋಚಿಸುತ್ತ ಕೂರುವುದಕ್ಕಿಂತ ಬಾಗಿಲು ತೆರೆಯುವುದೇ ಅಗ್ಗವೇನೋ. ಆದರೂ ತೆರೆಯಲಿಲ್ಲ.

ಮನೆಯಲ್ಲಿ ಮಗಳು ರೇಖಾಗಣಿತ ಹಿಡಿದು ಬಂದಳು. "ಆಮೇಲೆ ನೋಡೋಣ ಪುಟ್ಟಿ" ಎಂದೆ. ಹದಿನಾಲ್ಕರ ಹುಡುಗಿ ಹುಬ್ಬೇರಿಸಿ, "ಅಪ್ಪಾ, ಅಮ್ಮನ ಆಫೀಸಲ್ಲಿ ಯಾರನ್ನ ಕೇಳಿದ್ರೆ ಅಪಾಯಿಂಟ್‌ಮೆಂಟ್ ಸಿಗುತ್ತೆ?" ಎಂದಳು. ಅವನು ಪತ್ರಿಕೆಯ ಹಿಂದಿನಿಂದ, "ನಾನೇ ಕ್ಯೂನಲ್ಲಿದ್ದೀನಿ ಮಗಳೇ, ನನ್ನ ಹಿಂದೆ ನಿಂತ್ಕೋ" ಎಂದ.

ನಕ್ಕೆ. ಆದರೆ ಅಷ್ಟು ನಗು ಬಂದಿರಲಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಹನ್ನೊಂದಕ್ಕೆ ಮುಂಚೆಯೇ ಅಕ್ಕನನ್ನು ಕೂರಿಸಿಕೊಂಡು ಎಲ್ಲ ಅಂಕಿಗಳನ್ನೂ ಹರಡಿದೆವು. ಗಾಳಿಯ ವಿಷಯ ನನ್ನದಲ್ಲ. ನನ್ನದು ಲೋಹ. ಅದಕ್ಕೇ ಇರಬೇಕು, ದಡ್ಡ ಪ್ರಶ್ನೆಗಳನ್ನು ಕೇಳಿದೆ.

"ಇದು ಗಾಳಿಗೆ ಮುಂಚಿನ ಸೊನ್ನೆ. ಗಾಳಿ ನಿಂತ ಮೇಲಿನದು ಎಲ್ಲಿ?"

ಅಕ್ಕ ಹಾಳೆಗಳನ್ನು ಜೋಡಿಸತೊಡಗಿದಳು.

"ಯಾವುದಕ್ಕೂ ಇಲ್ವಲ್ಲ?"

"ಅದು... ಮುಂದಿನವರು ಕಾಯ್ತಾ ಇರ್ತಾರಲ್ಲ ಮೇಡಂ."

ಒಂದೊಂದಾಗಿ ಬಿಡಿಸಿದಳು. ಟನಲ್‌ನಲ್ಲಿ ತನ್ನ ಸರದಿ ಬಂದಾಗೆಲ್ಲ ಯಾರಿಗಾದರೂ ತುರ್ತು. ಒಬ್ಬನ ಮಾಡೆಲ್ ತಡವಾಯಿತು, ಒಬ್ಬಳ ಸಮ್ಮೇಳನ ಹತ್ತಿರ ಬಂತು. ಬಿಟ್ಟುಕೊಡುತ್ತಾಳೆ. ಅವರಿಗೂ ಅವರ ನಂತರದವರಿಗೂ ನಡುವೆ ಉಳಿದ ಚೂರುಪಾರು ಹೊತ್ತಿನಲ್ಲಿ ಅವಸರವಾಗಿ ತನ್ನದನ್ನು ಮುಗಿಸುತ್ತಾಳೆ. ಅಷ್ಟರಲ್ಲಿ ಬೇರೆಯವರ ಗಾಳಿ ಸುತ್ತಿ ಸುತ್ತಿ ಟನಲ್ ಬಿಸಿಯಾಗಿರುತ್ತದೆ. ಬಿಸಿಯೇರುತ್ತಿರುವ ಬ್ಯಾಲೆನ್ಸ್ ಗಾಳಿ ಮುಟ್ಟದೆಯೂ ತಾನಾಗಿ ಇಷ್ಟಿಷ್ಟೇ ಸರಿಯುತ್ತದೆ, ತಕ್ಕಡಿಯ ಮೇಲೆ ಯಾರೋ ಬೆರಳಿಟ್ಟ ಹಾಗೆ. ಬೆರಳು ಎಷ್ಟು ಭಾರ ಎಂದು ಹೇಳುವುದು ಕೊನೆಯ ಸೊನ್ನೆ ಮಾತ್ರ. ಹೊಸಬರಿಗೆಲ್ಲ ಕಲಿಸಿದ ಆ ಒಂದು ಪಾಠವನ್ನು ಅವಳು ತನಗೆ ಅನ್ವಯಿಸಿಕೊಂಡಿರಲಿಲ್ಲ.

ಒಂದೊಂದು ದಿನ ಒಬ್ಬೊಬ್ಬರ ಹಿಂದೆ ಕೆಲಸ, ಒಂದೊಂದು ಬಗೆಯ ಬಿಸಿ. ಚೆಲ್ಲಾಪಿಲ್ಲಿ ಆಗದೆ ಇನ್ನೇನು?

"ಹಾಗಾದ್ರೆ ಇದ್ಯಾವುದನ್ನೂ ಸರಿ ಮಾಡೋಕಾಗಲ್ಲ" ಎಂದಳು.

"ಆಗಲ್ಲ."

ಅಳುತ್ತಾಳೆಂದು ಹೆದರಿದ್ದೆ. ಅವಳು ದೀರ್ಘವಾಗಿ ಉಸಿರು ಬಿಟ್ಟು, "ರೆಕ್ಕೆಯದೇನೂ ತಪ್ಪಿಲ್ಲ ಅಂತಾಯ್ತು" ಎಂದಳು. ಮಗುವಿನ ಮೇಲೆ ಬಂದ ದೂರು ಸುಳ್ಳೆಂದು ಗೊತ್ತಾದ ತಾಯಿಯ ಹಾಗೆ.

ಸೆಪ್ಟೆಂಬರ್ 15, ಸೋಮವಾರ

ಗುಡುಗಿಗೆ ಹೇಳಿದೆ. ಕಿಟಕಿಯ ಗಾಜು ಅದುರುವ ಹಾಗೆ ಕೂಗಿದರು. "ಬೇಡ ಅನ್ನೋಕೆ ಬಾಯಿರಲಿಲ್ವಾ ಅವಳಿಗೆ? ನಾನೇನು ಹುಲಿನಾ?" ಆಮೇಲೆ ಕೂತರು. ಸರದಿ ಹಂಚುವವರು ಅವರೇ. "ಅಕ್ಕಂದು ಆಮೇಲೆ ಮಾಡ್ಕೋತಾಳೆ ಅಂತ ನಾನೇ ಎಷ್ಟು ಸಲ ಅಂದಿದ್ದೀನೋ" ಎಂದು ಪಿಸುಗುಟ್ಟಿದರು. ಅವರ ಪಿಸುಮಾತು ನಾನು ಕೇಳಿದ್ದು ಇದೇ ಮೊದಲು.

ತೀರ್ಮಾನ: ಅಕ್ಟೋಬರಿನಲ್ಲಿ ಮೂರು ವಾರ ಟನಲ್ ಅಕ್ಕನೊಬ್ಬಳದೇ. ಆಮೇಲೆ ಫ್ಯಾನಿನ ದುರಸ್ತಿಗಾಗಿ ಮುಚ್ಚುತ್ತಾರೆ, ಹಾಗಾಗಿ ಇನ್ನೊಂದು ಅವಕಾಶ ಇಲ್ಲ. ಅಲ್ಲಿಯವರೆಗೆ ಅವಳು ಮೆಂಟರ್ ಅಲ್ಲ. ಟನಲ್‌ನ ಬಾಗಿಲಿಗೆ ಬರೆದು ಅಂಟಿಸಿದೆ: ಅಕ್ಕನನ್ನು ಏನೂ ಕೇಳಬೇಡಿ. ಮುಖ್ಯಸ್ಥರನ್ನು ಕೇಳಿ.

ಸೆಪ್ಟೆಂಬರ್ 26, ಶುಕ್ರವಾರ

ಬರೆದಿದ್ದನ್ನು ಜನ ಓದುತ್ತಾರೆಂದು ಗೊತ್ತಿರಲಿಲ್ಲ.

ಬೆಳಗ್ಗೆ ಒಂಬತ್ತಕ್ಕೇ ಬಾಗಿಲಲ್ಲಿ ಮೂವರು. ಉದ್ದ ಜಡೆಯ ಹೊಸ ಹುಡುಗಿಯ ಕೈಯಲ್ಲಿ ಒಂದು ರೆಕ್ಕೆ. "ಮೇಡಂ, ಗೇಜ್ ಅಂಟ್ತಾನೇ ಇಲ್ಲ. ಅಕ್ಕನ್ನ ಕೇಳಬೇಡಿ ಅಂತ ಹಾಕಿದ್ದೀರ..." ಬಾಗು ಅಳೆಯುವ ಉಗುರಿನಗಲದ ಗೇಜನ್ನು ಲೋಹಕ್ಕೆ ಅಂಟಿಸಿ ವೈರು ಬೆಸೆಯುವ ಕೆಲಸ ಬಿಟ್ಟು ಎಷ್ಟು ಕಾಲವಾಯಿತೋ. ಮೊದಲನೆಯದು ವಕ್ರ. ಎರಡನೆಯದು ನನ್ನ ಹೆಬ್ಬೆರಳಿಗೇ ಅಂಟಿಕೊಂಡಿತು. ಹುಡುಗಿ ನಗು ತಡೆಯಲು ಕೆಮ್ಮಿದಳು.

"ನಕ್ಕುಬಿಡಮ್ಮ, ಕೆಮ್ಮಿದ್ರೆ ಕೈ ಅಲ್ಲಾಡುತ್ತೆ" ಎಂದೆ.

ಮೂರನೆಯದು ಕೂತಿತು. ಪರದೆಯ ಮೇಲಿನ ಅಂಕಿ ಅವಳ ಬೆರಳ ಒತ್ತಿಗೆ ಏರಿ ಇಳಿಯಿತು. ಅವಳು ಮತ್ತೆ ಮತ್ತೆ ಒತ್ತಿ ನೋಡಿದಳು.

ಬೆಳಗೆಲ್ಲ ಹಾಳು. ಪ್ರಬಂಧ ಇದ್ದಲ್ಲೇ ಇದೆ.

ಅಕ್ಟೋಬರ್ 6, ಸೋಮವಾರ

ಅಕ್ಕನ ಮೊದಲ ದಿನ. ಐದು ನಿಮಿಷ ನೋಡಿಬರೋಣವೆಂದು ಹೋಗಿ ಮಧ್ಯಾಹ್ನದವರೆಗೆ ಕೂತೆ. ಟನಲ್ ತಣ್ಣಗಿತ್ತು. ಅವಳು ಮಾಡೆಲ್ ಮೇಲೆ ಕೈಯಾಡಿಸಿ ಧೂಳು ಒರೆಸಿದಳು.

ಗಾಳಿ ನಡೆಯುತ್ತಿದ್ದಾಗ ಯಾರೋ ಇಣುಕಿ, "ಅಕ್ಕಾ, ಹತ್ತೇ ನಿಮಿಷ..." ಎಂದರು. ಮಾತು ಮುಗಿಯುವ ಮೊದಲೇ ಅಕ್ಕನ ಕೈ ಫ್ಯಾನ್ ನಿಲ್ಲಿಸುವ ಗುಂಡಿಯ ಕಡೆ ಹೊರಟಿತ್ತು. ನಾನು ಎದ್ದು ಬಂದವರನ್ನು ಭುಜ ಹಿಡಿದು ಹೊರಗೆ ಕರೆದುಕೊಂಡು ಹೋದೆ. ಅವರ ಕೆಲಸ ಮುಗಿಸಿಕೊಟ್ಟು ಬಂದಾಗ ಅಕ್ಕ ತಲೆ ತಗ್ಗಿಸಿ ಕೂತಿದ್ದಳು.

"ಆಗಲ್ಲ ಅನ್ನೋದು ನನ್ನ ಬಾಯಿಗೆ ಬರೋದೇ ಇಲ್ಲ ಮೇಡಂ."

"ಅಭ್ಯಾಸ ಮಾಡಿ. ನಾನು ಕೇಳ್ತೀನಿ. ಅಕ್ಕಾ, ನನ್ನ ಮಾಡೆಲ್ ಸ್ವಲ್ಪ ನೋಡ್ತೀರಾ?"

"ಈಗ... ಸ್ವಲ್ಪ ಹೊತ್ತು ಬಿಟ್ಟು ಬನ್ನಿ."

"ಅದು ಆಗಲ್ಲ ಅಂತ ಅಲ್ಲ."

"ಊಟ ಆದ ಮೇಲೆ ಬನ್ನಿ."

"ಅಕ್ಕಾ!"

"ನೀವು ಇಷ್ಟು ಪ್ರೀತಿಯಿಂದ ಕೇಳಿದ್ರೆ ಹೇಗೆ ಮೇಡಂ ಇಲ್ಲ ಅನ್ನೋದು?"

ಇಬ್ಬರೂ ನಕ್ಕೆವು. ಪಾಠ ಮುಂದೆ ಹೋಗಲಿಲ್ಲ.

ಅಕ್ಟೋಬರ್ 9, ಗುರುವಾರ

ಫ್ಯಾನ್ ನಿಲ್ಲಿಸಿದ ತಕ್ಷಣ ಗಾಳಿ ನಿಲ್ಲುವುದಿಲ್ಲ. ಮುನಿಸಿಕೊಂಡವರ ಹಾಗೆ ಒಳಗೊಳಗೇ ಸುತ್ತುತ್ತಿರುತ್ತದೆ. ಅದು ಪೂರ್ತಿ ತಣಿಯುವವರೆಗೆ ಸುಮ್ಮನೆ ಕೂರಬೇಕು. ಆ ಹೊತ್ತಿನಲ್ಲಿ ಮಾಡಲು ಏನೂ ಇಲ್ಲ. ಎಷ್ಟು ವರ್ಷವಾಯಿತು ಹೀಗೆ ಏನೂ ಮಾಡದೆ ಒಬ್ಬರ ಪಕ್ಕ ಕೂತು.

ಅಕ್ಕ ಮನೆಯ ಮಾತು ತೆಗೆದಳು. ಅವಳ ಬೆನ್ನಿಗೆ ಮೂವರು ತಮ್ಮ ತಂಗಿಯರು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದರಿಂದ ಜಡೆ ಹಾಕುವುದು, ಮೂಗು ಒರೆಸುವುದು ಎಲ್ಲ ಇವಳೇ. "ಹುಟ್ಟಿದಾಗಿಂದ ಅಕ್ಕನೇ ಮೇಡಂ. ಯಾರಾದರೂ ಹೆಸರು ಹಿಡಿದು ಕರೆದ್ರೆ ಹಿಂದೆ ತಿರುಗಿ ನೋಡ್ತೀನಿ, ಬೇರೆ ಯಾರನ್ನೋ ಕರೀತಿದ್ದಾರೆ ಅಂತ."

"ನೀವು ಯಾರನ್ನ ಅಕ್ಕ ಅಂತೀರಿ?"

ಬಹಳ ಹೊತ್ತು ಯೋಚಿಸಿದಳು. "ಬಸ್ಸಲ್ಲಿ ಟಿಕೆಟ್ ಕೊಡೋರನ್ನ" ಎಂದಳು.

ಆಗ ಪರದೆ ನೋಡಿದೆವು. ಸೊನ್ನೆ ಬೆಳಗ್ಗೆ ಎಲ್ಲಿತ್ತೋ ಅಲ್ಲೇ ಇತ್ತು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು, ಹಿಡಿದದ್ದು ತಿಳಿದೊಡನೆ ಬಿಟ್ಟಳು.

ಮನೆಗೆ ಬಂದು ಮಗಳ ಜೊತೆ ವೃತ್ತ, ತ್ರಿಜ್ಯ ಮಾಡಿದೆ. ಲೆಕ್ಕ ಮುಗಿದರೂ ಅವಳು ಏಳಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಯಾರೋ ಗೆಳತಿ ಮಾತು ಬಿಟ್ಟ ಕಥೆ ಹೇಳಿದಳು. ಏನು ಸಲಹೆ ಕೊಡಬೇಕೋ ತಿಳಿಯದೆ ಸುಮ್ಮನೆ ಕೇಳಿದೆ. ಸಲಹೆ ಕೊಡಬೇಕಿತ್ತೇನೋ.

ಅಕ್ಟೋಬರ್ 14, ಮಂಗಳವಾರ

ಇದನ್ನು ಬರೆಯಲು ಮನಸ್ಸಿಲ್ಲ.

ಮಧ್ಯಾಹ್ನ ಡೀನ್ ಫೋನ್ ಮಾಡಿದರು. ಶುಕ್ರವಾರ ಹೊರಗಿನಿಂದ ದೊಡ್ಡ ಅತಿಥಿಗಳು ಬರುತ್ತಾರೆ, ಟನಲ್‌ನಲ್ಲಿ ಹೊಗೆ ಬಿಟ್ಟು ಗಾಳಿಯ ಹರಿವು ತೋರಿಸಬೇಕು. "ಒಂದು ದಿನದ ಮಟ್ಟಿಗೆ ತಾನೇ? ನಿಮ್ಮ ಮೇಲೆ ನನಗೆ ಭರವಸೆ ಇದೆ." ನಾನು "ಆಗಲಿ ಸರ್" ಎಂದೆ. ಯೋಚಿಸಿದ್ದಲ್ಲ. ಬಾಯಿಗೆ ಬಂದುಬಿಟ್ಟಿತು.

ಮೆಟ್ಟಿಲು ಇಳಿಯುವಾಗ ಲೆಕ್ಕ ಹಾಕಿದೆ. ಒಂದು ದಿನ ಅಂದರೆ ಒಂದು ದಿನವಲ್ಲ. ಮಾಡೆಲ್ ಬಿಚ್ಚಬೇಕು, ಬ್ಯಾಲೆನ್ಸ್ ಹೊರತೆಗೆಯಬೇಕು, ಮತ್ತೆ ಕೂರಿಸಿ ತೂಕ ನೇತು ಹಾಕಿ ಮೊದಲಿನಿಂದ ಸರಿಹೊಂದಿಸಬೇಕು. ಉಳಿದ ವಾರ ಅದಕ್ಕೇ ಹೋಗುತ್ತದೆ. ಇಷ್ಟು ತಿಳಿದೂ ಹೋಗಿ ಕೇಳಿದೆ. ದನಿ ಮೃದು ಮಾಡಿಕೊಂಡು ಕೇಳಿದೆ ಎನ್ನುವುದು ಈಗ ನೆನಪಾಗುತ್ತಿದೆ.

"ಶುಕ್ರವಾರ ಒಂದು ದಿನ ಬಿಟ್ಟುಕೊಡೋಕಾಗುತ್ತಾ? ಹೇಗಾದ್ರೂ ಹೊಂದಿಸೋಣ."

ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ಗಾಳಿ ನಡೆಯುತ್ತಿತ್ತು. ಅವಳ ಕೈ ಗುಂಡಿಯ ಹತ್ತಿರ ಹೋಗಲಿಲ್ಲ, ಮೇಜಿನ ಅಂಚನ್ನು ಹಿಡಿದಿತ್ತು.

"ಆಗಲ್ಲ ಮೇಡಂ."

ಅಂದಮೇಲೆ ಅವಳೇ ಬೆಚ್ಚಿ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರು.

ನನಗೆ ಮೊದಲು ಬಂದದ್ದು ಕೋಪ. ಅದನ್ನು ಬರೆದಿಡುತ್ತೇನೆ. ಒಂದು ಕ್ಷಣ, ಇಷ್ಟೆಲ್ಲ ಮಾಡಿದ ನನಗೇ, ಅನ್ನಿಸಿತು. ಆಮೇಲೆ ನಾಚಿಕೆ. ಅದರ ಹಿಂದೆಯೇ ಏನೋ ಹಗುರವಾದದ್ದು, ಅದಕ್ಕೆ ಹೆಸರು ಗೊತ್ತಾಗುತ್ತಿಲ್ಲ.

"ಸರಿ" ಎಂದೆ. "ಗಾಳಿ ನೋಡ್ಕೊಳ್ಳಿ."

ಅಕ್ಟೋಬರ್ 15, ಬುಧವಾರ

ಡೀನ್‌ಗೆ ಫೋನ್ ಮಾಡುವ ಮುಂಚೆ ಹೇಳಬೇಕಾದ್ದನ್ನು ಕಾಗದದ ಮೇಲೆ ಬರೆದುಕೊಂಡೆ.

"ಸರ್, ನಿನ್ನೆ ಆಗಲಿ ಅಂದಿದ್ದು ತಪ್ಪಾಯ್ತು. ಟನಲ್ ಕೊಡೋಕಾಗಲ್ಲ."

"ಒಬ್ಬ ವಿದ್ಯಾರ್ಥಿಗೋಸ್ಕರವಾ?"

"ಹೌದು ಸರ್. ಒಬ್ಬಳಿಗೋಸ್ಕರ."

"ನಿಮ್ಮಿಂದ ನಾನು ಇದನ್ನ ನಿರೀಕ್ಷಿಸಿರಲಿಲ್ಲ" ಎಂದು ಇಟ್ಟರು. ಮುಂದಿನ ವರ್ಷದ ನಮ್ಮ ಬೇಡಿಕೆಗಳಿಗೆ ಇದರ ಬಿಸಿ ತಟ್ಟುತ್ತದೆ. ತಟ್ಟಲಿ ಎಂದು ಧೈರ್ಯವಾಗಿ ಬರೆಯಲಾರೆ.

ಗುಡುಗು ಬಾಗಿಲಲ್ಲೇ ನಿಂತಿದ್ದರಂತೆ. "ಅತಿಥಿಗಳನ್ನ ನನ್ನ ಹತ್ರ ಕಳಿಸು. ತರಗತಿಗೆ ಇಟ್ಕೊಂಡಿರೋ ಪುಟ್ಟ ಟನಲ್ ಇದೆ, ಅದು ಕೈಕೊಟ್ರೆ ನಾನೇ ನಿಂತು ಊದ್ತೀನಿ" ಎಂದರು. ಅವರಿಂದ ಆಗದ್ದೇನಲ್ಲ.

ಅಕ್ಟೋಬರ್ 24, ಶುಕ್ರವಾರ

ಟನಲ್ ಮುಚ್ಚಿತು. ಅದಕ್ಕೆ ಮುಂಚೆ ಅಕ್ಕನ ಕೊನೆಯ ಸೊನ್ನೆ ಸಿಕ್ಕಿತು.

ಜಡೆಯ ಹುಡುಗಿಯ ರೆಕ್ಕೆ ಬಿರುಕು ಬಿಟ್ಟಿದೆ. ಬಿರುಕು ಬಿಟ್ಟ ಜಾಗ ನೋಡಿದರೆ ಅವಳ ಲೆಕ್ಕ ಸರಿಯಾಗಿಯೇ ಇತ್ತು ಅನ್ನಿಸುತ್ತದೆ. ಸೋಮವಾರ ಅವಳನ್ನು ವರ್ಕ್‌ಶಾಪಿಗೆ ಕರೆದೊಯ್ಯಬೇಕು. ಹೊಸಬರಲ್ಲಿ ಇನ್ನೊಬ್ಬಳು ಓದು ಬಿಟ್ಟು ಮನೆಗೆ ಹೋಗುತ್ತೇನೆಂದು ಗಂಟುಮೂಟೆ ಕಟ್ಟಿದ್ದಾಳಂತೆ, ಮೊದಲು ಅವಳಿಗೆ ಒಂದು ಊಟ ಹಾಕಿಸಬೇಕು.

ನವೆಂಬರ್ 13, ಗುರುವಾರ

ನಾಳೆ ಸಮಿತಿ. ಅಕ್ಕ ಶಾಂತವಾಗಿದ್ದಾಳೆ. ನಾನು ಇಲ್ಲ.

ನವೆಂಬರ್ 14, ಶುಕ್ರವಾರ

ಸಮಿತಿಯಲ್ಲಿ ನಾನು, ಗುಡುಗು, ಹೊರಗಿನಿಂದ ಬಂದ ಹಿರಿಯ ಪರೀಕ್ಷಕರು. ಅಕ್ಕ ಮೊದಲ ಚಿತ್ರ ತೋರಿಸಿದಳು. ಚುಕ್ಕಿಗಳೆಲ್ಲ ಒಂದು ಗೆರೆಯ ಮೇಲೆ ಕೂತಿದ್ದವು, ಗೆರೆ ಏರಿ ಮೆಲ್ಲಗೆ ಬಾಗಿತ್ತು. ಅವಳ ರೆಕ್ಕೆ ಬೇರೆಯವಕ್ಕಿಂತ ಹೆಚ್ಚು ಕೋನದವರೆಗೆ ಗಾಳಿಯನ್ನು ಬಿಟ್ಟುಕೊಡದೆ ಹಿಡಿದಿತ್ತು.

ಎರಡನೆಯ ಚಿತ್ರದಲ್ಲಿ ಹಳೆಯ ಅಂಕಿಗಳು, ಚೆಲ್ಲಿದ ಸಾಸಿವೆಯ ಹಾಗೆ. ಇದನ್ನು ತೋರಿಸುತ್ತಾಳೆಂದು ನನಗೆ ಗೊತ್ತಿರಲಿಲ್ಲ.

"ಇವು ಯಾಕೆ ಹೀಗಿವೆ?" ಎಂದು ಪರೀಕ್ಷಕರು ಕೇಳಿದರು.

"ಗಾಳಿ ನಿಂತ ಮೇಲೆ ನಾನು ಕಾಯಲಿಲ್ಲ ಸರ್. ನನ್ನದಕ್ಕೂ ಅಷ್ಟು ಹೊತ್ತು ಕೊಡಬಹುದು ಅಂತ ಅನ್ಸಿರಲಿಲ್ಲ. ಹೊಸಬರು ನೋಡ್ಲಿ ಅಂತ ಪ್ರಬಂಧದಲ್ಲಿ ಇದನ್ನೂ ಸೇರಿಸ್ತೀನಿ."

ಗುಡುಗು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ನೋಂದಣಿ ಮುಂದುವರಿಯುತ್ತದೆ. ಮಾರ್ಚಿಗೆ ಪ್ರಬಂಧ. ಸಹಿ ಹಾಕಿದೆ. ಪೆನ್ನಿನ ಕ್ಯಾಪು ಹಾಕಲು ಮರೆತು ಜೇಬಿಗೆ ಶಾಯಿ.

ಪರೀಕ್ಷಕರನ್ನು ಬೀಳ್ಕೊಡುವಾಗ, "ನಿಮ್ಮ ಕೆಲಸ ಎಲ್ಲಿಗೆ ಬಂತು?" ಎಂದು ಕೇಳಿದರು. ಜಡೆಯ ಹುಡುಗಿಯ ಬಿರುಕು ಬಿಟ್ಟ ರೆಕ್ಕೆಯ ಬಗ್ಗೆ ಹೇಳಿದೆ. ಗಂಟುಮೂಟೆ ಬಿಚ್ಚಿದವಳ ಬಗ್ಗೆ, ಅವಳ ಹೊಸ ಲೆಕ್ಕದ ಬಗ್ಗೆ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು. ಕಾರು ಹೊರಟ ಮೇಲೆ ಹೊಳೆಯಿತು, ಅವರು ಕೇಳಿದ್ದು ನನ್ನ ಪ್ರಬಂಧದ ವಿಷಯ. ಏನಂದುಕೊಂಡರೋ.

ವಾಪಸ್ ಬಂದರೆ ನನ್ನ ಕೋಣೆಯಲ್ಲಿ ಅಕ್ಕ ಕೂತಿದ್ದಳು. ಈ ಬಾರಿ ಕುರ್ಚಿಯ ತುದಿಯಲ್ಲಲ್ಲ, ಬೆನ್ನು ಒರಗಿಸಿ. ಥ್ಯಾಂಕ್ಸ್ ಹೇಳಲು ಬಂದಿದ್ದಾಳೆಂದು ಮುಜುಗರವಾಯಿತು. ಅವಳು ಅದನ್ನು ಹೇಳಲಿಲ್ಲ. ಒಂದು ಕಟ್ಟು ಹಾಳೆ ಮುಂದಿಟ್ಟಳು.

"ಮೊದಲ ಅಧ್ಯಾಯ ಮೇಡಂ. ಓದಿಕೊಡ್ತೀರಾ?"

"ಖಂಡಿತ. ಬಿಡುವಿದ್ದಾಗ..."

"ಬಿಡುವಿದ್ದಾಗ ಅಲ್ಲ" ಎಂದಳು. ಕಿವಿಯವರೆಗೆ ಕೆಂಪಾಗಿದ್ದಳು. ಆದರೆ ಕಣ್ಣು ತೆಗೆಯಲಿಲ್ಲ. "ಬಿಡುವು ಮಾಡ್ಕೊಂಡು."

ಹಾಳೆಗಳು ಈಗ ಊಟದ ಮೇಜಿನ ಮೇಲಿವೆ. ಮೊದಲ ಪುಟದಲ್ಲಿ ಅವಳ ಪೂರ್ತಿ ಹೆಸರಿದೆ. ಮಗಳು ಓದಿ, "ಚೆನ್ನಾಗಿದೆ ಹೆಸರು, ಯಾರಿದು?" ಎಂದಳು. ಹತ್ತಿರ ಕೂರಿಸಿಕೊಂಡು ಹೇಳತೊಡಗಿದೆ.